ಸಂಪಾಜೆ ಘಾಟಿ: ಡಾಂಬರಿಗಿಂತ ಮೊದಲು ಚರಂಡಿ

ಮಾನ್ಯರೇ,

ಮಾಣಿ–ಮೈಸೂರು ರಸ್ತೆ ಈಗ ರಾಷ್ಟ್ರೀಯ ಹೆದ್ದಾರಿ 275. ಹಿಂದೆ ಇದೇ ರಾಜ್ಯ ಹೆದ್ದಾರಿ 88. ಪುತ್ತೂರು, ಜಾಲ್ಸೂರು, ಸುಳ್ಯ, ಅರಂತೋಡು, ಕಲ್ಲುಗುಂಡಿ ದಾಟಿ ಪಯಸ್ವಿನಿ ನದಿಯ ಕಣಿವೆ ಹಿಡಿದು ಸಂಪಾಜೆಗೆ ಬರುತ್ತದೆ. ಅಲ್ಲಿಂದ ಕೊಯನಾಡು, ಜೋಡುಪಾಲ, ಮದೆನಾಡು ಮೂಲಕ ಮಡಿಕೇರಿಗೆ ಏರು. ಮುಂದೆ ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು. 1956ರ ನವೆಂಬರ್ 1ರವರೆಗೆ ಈ ಒಂದು ದಾರಿಗೆ ಮೂವರು ಯಜಮಾನರಿದ್ದರು: ಸಂಪಾಜೆಯವರೆಗೆ ಮದ್ರಾಸ್, ಘಟ್ಟ ಕೊಡಗಿನದು, ಕುಶಾಲನಗರದ ಕಾವೇರಿ ದಾಟಿದರೆ ಮೈಸೂರು. ರಾಷ್ಟ್ರೀಯ ಹೆದ್ದಾರಿಯಾದ ಮೇಲೆ ಕಿಲೋಮೀಟರ್ ಕಲ್ಲಿನ ತಲೆಯ ಹಸಿರು ಹೋಗಿ ಹಳದಿ ಬಂತು. ಗುಡ್ಡದ ನೀರು ಇಳಿಯುವ ದಾರಿ ಮಾತ್ರ ಬದಲಾಗಿಲ್ಲ.

ಘಾಟಿ ಹಾಳಾದಾಗಲೆಲ್ಲ ‘ಡಾಂಬರು ಹಾಕಿ, ಅಗಲ ಮಾಡಿ’ ಎಂಬ ಕೂಗು ಏಳುತ್ತದೆ. ರೋಗ ಇರುವುದು ರಸ್ತೆಯಡಿ ನೀರು ದಾಟಿಸುವ ಮೋರಿಯ ಬಾಯಲ್ಲಿ. ಗುಡ್ಡದ ಬದಿಯ ಗುಂಡಿಯಲ್ಲಿ ತರಗೆಲೆ, ಮಣ್ಣು, ಪ್ಲಾಸ್ಟಿಕ್ ಬಾಟಲಿ ಸೇರಿ ಮೋರಿಯ ಕೊಳವೆ ಕಟ್ಟಿಕೊಂಡರೆ ನೀರು ರಸ್ತೆ ಹತ್ತಿ ಕಣಿವೆ ಬದಿಗೆ ಹಾರುತ್ತದೆ. ಅಲ್ಲಿಯ ಅಂಚಿನ ಮಣ್ಣನ್ನು ಕೊರೆಯುತ್ತದೆ. ಕೆಳಗೆ ಟೊಳ್ಳು, ಮೇಲೆ ಡಾಂಬರು ಹಪ್ಪಳದಂತೆ ನಿಂತಿರುತ್ತದೆ. ಭಾರದ ಲಾರಿಯ ಒಂದು ಚಕ್ರ ಸಾಕು. ಮೇಲಿಂದ ಮೇಲೆ ಡಾಂಬರು ಹೊದಿಸಿ ಪಕ್ಕದ ಮಣ್ಣು ಏರಿಸದಿದ್ದರೆ ಅಂಚು ನಾಲ್ಕು ಬೆರಳು ಎತ್ತರವಾಗಿ ಬೈಕ್ ಸವಾರರು ಜಾರುತ್ತಾರೆ, ಅದು ಬೇರೆ.

ಡಾಂಬರು ಕಿತ್ತು ರಸ್ತೆಯಲ್ಲಿ ಬಿದ್ದ ಗುಂಡಿ ಮುಚ್ಚುವುದಕ್ಕೂ ಕ್ರಮವಿದೆ. ಚೌಕಾಕಾರವಾಗಿ, ಅಂಚು ನೆಟ್ಟಗೆ ಕಡಿದು, ಒಳಗೆ ಪೂರ್ತಿ ಒಣಗಿಸಿ, ಬಿಟುಮೆನ್ ಬಳಿದು, ಪದರ ಪದರವಾಗಿ ತುಂಬಿ ಒತ್ತಬೇಕು. ಒದ್ದೆ ಗುಂಡಿಗೆ ಸುರಿದ ಜಲ್ಲಿಗೆ ಡಾಂಬರು ಅಂಟುವುದಿಲ್ಲ, ವಾರದಲ್ಲಿ ಎದ್ದು ಬರುತ್ತದೆ. ತಡೆಗೋಡೆಯ ನೀರುಗಂಡಿಗಳನ್ನು, ಅಂದರೆ ನೀರು ಹೊರಹೋಗುವ ತೂತುಗಳನ್ನು, ಗಾರೆ ಮೆತ್ತಿ ಮುಚ್ಚುವುದಂತೂ ಕೂಡದು. ಹಿಂದಿನ ನೀರು ಒತ್ತಿ ಗೋಡೆ ಹೊಟ್ಟೆ ಬಿಡುತ್ತದೆ.

ಚರಂಡಿಯನ್ನು ಜೆಸಿಬಿಯಲ್ಲಿ ಆಳಕ್ಕೆ ಕೆರೆಯುವುದೂ ಅಪಾಯವೇ. ಗುಡ್ಡದ ಬುಡ ಸಡಿಲವಾದರೆ ಮೇಲಿನದೆಲ್ಲ ಕೆಳಗೆ ಬರುತ್ತದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಬಳಿ ಗುಡ್ಡ ಜರಿದು ಈ ದಾರಿ ಮುಚ್ಚಿದ್ದು ಚರಂಡಿಯಿಂದಲೇ ಎಂದಲ್ಲ, ಅದು ಅಸಾಧಾರಣ ಮಳೆ. ಆದರೆ ಆ ಇಳಿಜಾರಿಗೆ ಯಂತ್ರದ ಹಲ್ಲು ತಾಗಿಸುವ ಮೊದಲು ಯೋಚಿಸಲೇಬೇಕು. ಗುದ್ದಲಿ, ಸನಿಕೆ ಹಿಡಿದ ಆಳುಗಳೇ ಅಲ್ಲಿಗೆ ಸರಿ.

ಕೊಯನಾಡಿನಿಂದ ಮೇಲಿನ ಮೋರಿಗಳ ಬಾಯಿ ಮೇ ಎರಡನೇ ವಾರದೊಳಗೆ ಒಮ್ಮೆ ತೆರೆಯಲಿ, ಜೂನ್‌ನ ಮೊದಲ ದೊಡ್ಡ ಮಳೆ ಕಳೆದ ಮೇಲೆ ಇನ್ನೊಮ್ಮೆ. ಎರಡನೆಯದನ್ನು ಬಿಡಬಾರದು, ಬೇಸಿಗೆಯಿಡೀ ಗುಡ್ಡದಲ್ಲಿ ಬಿದ್ದಿದ್ದ ತರಗೆಲೆ ಮೋರಿಯ ಗುಂಡಿಗೆ ಇಳಿಯುವುದು ಆ ಮಳೆಯಲ್ಲೇ.

– ಓದುಗ, ಸುಳ್ಯ