ಅಂಗನವಾಡಿ ಪಕ್ಕದಲ್ಲೇ ಎಲ್‌ಕೆಜಿ ಬರಲಿ

ಮಾನ್ಯರೇ,

ಮಲ್ಪೆ ಸಮೀಪದ ನಮ್ಮೂರ ಅಂಗನವಾಡಿಗೆ ಊರಿನವರ ಮಕ್ಕಳೇ ಬರುತ್ತಿಲ್ಲ. ಬೆಳಿಗ್ಗೆ ವ್ಯಾನ್ ಬಂದು ಪುಟಾಣಿಗಳನ್ನು ಪೇಟೆಯ ಎಲ್‌ಕೆಜಿಗೆ ತುಂಬಿಕೊಂಡು ಹೋಗುತ್ತದೆ. ಉಳಿಯುವುದು ಬಂದರು, ಕಟ್ಟಡ ಕೆಲಸಕ್ಕೆಂದು ಬಾಗಲಕೋಟೆ, ಕೊಪ್ಪಳದ ಕಡೆಯಿಂದ ಬಂದವರ ಮಕ್ಕಳು. ಮೊನ್ನೆ ಹೋದಾಗ ಬಾಗಿಲಲ್ಲಿ ಆರೇ ಜೊತೆ ಚಪ್ಪಲಿ. ಟೀಚರ್ ಯಾವುದೋ ಸಮೀಕ್ಷೆಯ ಪಟ್ಟಿ ತುಂಬುತ್ತಿದ್ದರು. ಅವರ ತಪ್ಪಲ್ಲ ಬಿಡಿ.

ಹಾಲು, ಮೊಟ್ಟೆಯ ಜೊತೆ ನಾಲ್ಕು ಇಂಗ್ಲಿಷ್ ಅಕ್ಷರವೂ ಬೇಕು ಎನ್ನುತ್ತಾರೆ ಹೆತ್ತವರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 11ನೇ ಸೆಕ್ಷನ್, ಆರು ವರ್ಷದೊಳಗಿನವರಿಗೆ ಉಚಿತ ಶಾಲಾಪೂರ್ವ ಶಿಕ್ಷಣದ ವ್ಯವಸ್ಥೆ ‘ಮಾಡಬಹುದು’ ಎನ್ನುತ್ತದೆ. ‘ಮಾಡಲೇಬೇಕು’ ಅಂದಿಲ್ಲ, ಅಲ್ವಾ?

ಪಕ್ಕದ ಸರ್ಕಾರಿ ಶಾಲೆಯಲ್ಲಿ ಕೋಣೆ ಖಾಲಿ ಇದೆ. ಬರುವ ಜೂನ್‌ಗೆ ಅಲ್ಲೇ ಎಲ್‌ಕೆಜಿ ಶುರುವಾಗಲಿ. ಸಮೀಕ್ಷೆ ಕೆಲಸ ಬೇರೆಯವರಿಗೆ ವಹಿಸಲಿ.

– ಓರ್ವ ಓದುಗ, ಉಡುಪಿ