ನಂಬರು ಹೋದರೆ ಅಂಗಡಿಯೂ ಹೋದಂತೆ

ಮಾನ್ಯ ಸಂಪಾದಕರೇ,

ಮೊಬೈಲಿನಿಂದ ಸಣ್ಣ ವ್ಯಾಪಾರಿಗಳಿಗೆ ಆಗಿರುವ ಅನುಕೂಲದ ಬಗ್ಗೆ ಪತ್ರಿಕೆಗಳಲ್ಲಿ ಸಾಕಷ್ಟು ಬರಹಗಳು ಬರುತ್ತಿವೆ. ಅದರಲ್ಲಿ ಸುಳ್ಳೇನಿಲ್ಲ. 2018ರಲ್ಲಿ ವಾಟ್ಸ್‌ಆ್ಯಪ್ ಬಿಸಿನೆಸ್ ಬಂದ ಮೇಲೆ ಮನೆಯಲ್ಲೇ ಬಟ್ಟೆ ಹೊಲಿಯುವವರು, ಫ್ರಿಜ್ ರಿಪೇರಿ ಮಾಡುವವರು, ಟ್ಯೂಷನ್ ಹೇಳುವವರು ಮಳಿಗೆಯಿಲ್ಲದೆ, ಬೋರ್ಡಿಲ್ಲದೆ ಗಿರಾಕಿಗಳನ್ನು ಕಂಡುಕೊಂಡಿದ್ದಾರೆ. ಸರಕಿನ ಫೋಟೊ, ದರ, ಆರ್ಡರು, ವಿಳಾಸ, ದೂರು ಎಲ್ಲವೂ ಒಂದೇ ನಂಬರಿಗೆ ಬರುತ್ತವೆ. ಆ ಒಂದು ನಂಬರು ಕೈತಪ್ಪಿದರೆ ಗತಿಯೇನು ಎಂಬುದನ್ನು ಮಾತ್ರ ಯಾರೂ ಅವರಿಗೆ ಹೇಳಿಕೊಟ್ಟಿಲ್ಲ.

ಹೆಚ್ಚಾಗಿ ನಡೆಯುವ ಮೋಸ ತೀರಾ ಸರಳವಾದುದು. ಕಳ್ಳ ತನ್ನ ಫೋನಿನಲ್ಲಿ ವಾಟ್ಸ್‌ಆ್ಯಪ್ ಹಾಕಿಕೊಂಡು ವ್ಯಾಪಾರಿಯ ನಂಬರನ್ನು ನಮೂದಿಸುತ್ತಾನೆ. 6 ಅಂಕಿಗಳ ಕೋಡ್ ವ್ಯಾಪಾರಿಯ ಫೋನಿಗೆ ಎಸ್‌ಎಂಎಸ್ ಆಗಿ ಬರುತ್ತದೆ. ಹಿಂದೆಯೇ ಒಂದು ಕರೆ: ‘ಆರ್ಡರ್ ಖಚಿತ ಮಾಡಲು ಕಳಿಸಿದ ಕೋಡ್ ಹೇಳಿ’ ಅಂತಲೋ, ‘ನನ್ನ ಕೋಡ್ ತಪ್ಪಿ ನಿಮಗೆ ಬಂದಿದೆ’ ಅಂತಲೋ. ಗಿರಾಕಿಯ ಭರಾಟೆಯಲ್ಲಿರುವವರು ಯೋಚಿಸದೆ ಹೇಳಿಬಿಡುತ್ತಾರೆ. ಒಳಹೊಕ್ಕ ಕಳ್ಳ ಮೊದಲು ಮಾಡುವ ಕೆಲಸ, ಟು-ಸ್ಟೆಪ್ ವೆರಿಫಿಕೇಶನ್ (ಎಸ್‌ಎಂಎಸ್ ಕೋಡಿನ ಜೊತೆಗೆ ಪಿನ್ನನ್ನೂ ಕೇಳುವ ಎರಡನೇ ಬೀಗ) ಆನ್ ಮಾಡಿ ತನ್ನದೇ ಪಿನ್ ಹಾಕುವುದು. ಆಮೇಲೆ ಗಿರಾಕಿಗಳಿಗೆಲ್ಲ ‘ತುರ್ತಾಗಿ ಹಣ ಬೇಕಿತ್ತು’ ಎಂಬ ಸಂದೇಶ ಹೊರಡುತ್ತದೆ.

ಹೀಗಾದಾಗ ಗಾಬರಿಯಲ್ಲಿ ಆ್ಯಪ್ ಅಳಿಸಿ ಸುಮ್ಮನಾಗಬಾರದು. ಸಿಮ್ ಕೈಯಲ್ಲಿದ್ದರೆ ತಕ್ಷಣ ಅದೇ ನಂಬರಿನಿಂದ ಮತ್ತೆ ನೋಂದಣಿ ಮಾಡಬೇಕು. ಎಸ್‌ಎಂಎಸ್ ಕೋಡ್ ಹಾಕಿದ ಕ್ಷಣಕ್ಕೆ ಕಳ್ಳ ಹೊರಗೆ ಬೀಳುತ್ತಾನೆ. ಆದರೆ ಅವನು ಹಾಕಿದ ಪಿನ್ ಗೊತ್ತಿಲ್ಲದಿದ್ದರೆ ನಿಜವಾದ ಮಾಲೀಕರೂ ಒಳಹೋಗಲು 7 ದಿನ ಕಾಯಬೇಕು. ಆ ವಾರದ ಆರ್ಡರುಗಳೆಲ್ಲ ಬೇರೆಯವರ ಪಾಲು. ಈ ಅವಧಿಯಲ್ಲಿ ಗಿರಾಕಿಗಳಿಗೆ ಫೋನ್ ಮಾಡಿ ಎಚ್ಚರಿಸಬೇಕು, ಅದಕ್ಕೆ ಅವರ ನಂಬರುಗಳು ವಾಟ್ಸ್‌ಆ್ಯಪ್‌ನ ಹೊರಗೂ ಇರಬೇಕು.

ಇದನ್ನು ತಡೆಯಲು ಎರಡು ನಿಮಿಷ ಸಾಕು. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್, ಅದರೊಳಗೆ ಟು-ಸ್ಟೆಪ್ ವೆರಿಫಿಕೇಶನ್. ಅಲ್ಲಿ 6 ಅಂಕಿಗಳ ಪಿನ್ ಹಾಕಿ, ಕೆಳಗೆ ಕೇಳುವ ಇ-ಮೇಲ್ ವಿಳಾಸವನ್ನೂ ತಪ್ಪದೆ ಕೊಡಬೇಕು. ಬಹಳ ಮಂದಿ ಇ-ಮೇಲ್ ಹಂತವನ್ನು ದಾಟಿಸಿಬಿಡುತ್ತಾರೆ. ಮುಂದೆ ತಮ್ಮ ಪಿನ್ ತಾವೇ ಮರೆತಾಗ ಅದನ್ನು ಬದಲಿಸಲು ಆ ಇ-ಮೇಲೇ ದಾರಿ. ಜೊತೆಗೆ ಆಗಾಗ ಲಿಂಕ್ಡ್ ಡಿವೈಸಸ್ ತೆರೆದು ನೋಡಬೇಕು. ಒಂದು ಖಾತೆಗೆ ಫೋನಿನ ಹೊರತಾಗಿ 4 ಸಾಧನಗಳನ್ನು ಜೋಡಿಸಬಹುದು. ಕೆಲಸ ಬಿಟ್ಟುಹೋದವರ ಕಂಪ್ಯೂಟರಿನಲ್ಲಿ ನಿಮ್ಮ ಆರ್ಡರುಗಳು ಇನ್ನೂ ಕಾಣುತ್ತಿರಬಹುದು. ಗುರುತು ಸಿಗದ ಸಾಧನವಿದ್ದರೆ ಅದನ್ನು ಒತ್ತಿ ಲಾಗ್ ಔಟ್ ಮಾಡಿದರೆ ಆಯಿತು.

ಸಿಮ್ ಯಾರ ಹೆಸರಿನಲ್ಲಿದೆ ಎಂಬುದೂ ಮುಖ್ಯ. ನೌಕರನದೋ ದೂರದ ನೆಂಟರದೋ ಹೆಸರಿನ ಸಿಮ್ಮಿನಲ್ಲಿ ವ್ಯಾಪಾರ ಬೆಳೆಸಿದರೆ, ಸಿಮ್ ಕಳೆದ ದಿನ ಬದಲಿ ಸಿಮ್ ಕೇಳುವ ಹಕ್ಕು ನಿಮಗಿರುವುದಿಲ್ಲ. ಬಹುಕಾಲ ಬಳಸದ ನಂಬರನ್ನು ದೂರವಾಣಿ ಕಂಪನಿಗಳು ಬೇರೆಯವರಿಗೆ ಹಂಚುತ್ತವೆ. ಹಾಗಾಗಿ ಹಳೆಯ ನಂಬರು ಬಿಡುವ ಮೊದಲೇ ‘ಚೇಂಜ್ ನಂಬರ್’ ಆಯ್ಕೆಯಿಂದ ಖಾತೆಯನ್ನು ಹೊಸದಕ್ಕೆ ಸಾಗಿಸಿ, ಪರಿಚಯದವರಿಗೆ ತಿಳಿಸುವ ಆಯ್ಕೆಯನ್ನೂ ಅಲ್ಲೇ ಒತ್ತಬೇಕು. ಇದ್ದಕ್ಕಿದ್ದಂತೆ ಸಿಗ್ನಲ್ ಪೂರ್ತಿ ಹೋಗಿ, ಅಕ್ಕಪಕ್ಕದವರ ಫೋನುಗಳು ಸರಿಯಾಗಿದ್ದರೆ, ನಿಮ್ಮ ನಂಬರಿಗೆ ಯಾರೋ ಬದಲಿ ಸಿಮ್ ಪಡೆದಿರಬಹುದು. ಬೇರೊಂದು ಫೋನಿನಿಂದ ಕಂಪನಿಗೂ ಬ್ಯಾಂಕಿಗೂ ಕೂಡಲೇ ಕರೆ ಮಾಡಬೇಕು.

ಬ್ಯಾಕಪ್ ವಿಷಯದಲ್ಲಿ ತಪ್ಪು ತಿಳಿವಳಿಕೆ ಬಹಳ. ‘ಎಲ್ಲಾ ಮೇಲೆ ಎಲ್ಲೋ ಇದೆ’ ಎಂದು ಜನ ನಂಬಿದ್ದಾರೆ. ಚಾಟ್‌ಗಳು ಇರುವುದು ಫೋನಿನಲ್ಲಿ. ಆಂಡ್ರಾಯ್ಡ್‌ನಲ್ಲಿ ಅವುಗಳ ನಕಲು ಗೂಗಲ್ ಖಾತೆಗೆ ಹೋಗುತ್ತದೆ, ಐಫೋನ್‌ನಲ್ಲಿ ಐಕ್ಲೌಡ್‌ಗೆ. ಗೂಗಲ್‌ನ ಉಚಿತ ಜಾಗ 15 ಜಿಬಿ, ಅದರಲ್ಲೇ ಇ-ಮೇಲ್, ಫೋಟೊಗಳೂ ಸೇರಬೇಕು. ಸರಕಿನ ವಿಡಿಯೊಗಳಿಂದ ಜಾಗ ತುಂಬಿದಾಗ ಬ್ಯಾಕಪ್ ನಿಂತುಹೋಗುತ್ತದೆ, ಅದು ಗಮನಕ್ಕೆ ಬರುವುದು ಫೋನ್ ನೀರಿಗೆ ಬಿದ್ದ ಮೇಲೆ. ಚಾಟ್ ಬ್ಯಾಕಪ್ ಪುಟದಲ್ಲಿ ಕೊನೆಯ ಬ್ಯಾಕಪ್‌ನ ದಿನಾಂಕ ಇರುತ್ತದೆ. ಅದನ್ನು ವಾರಕ್ಕೊಮ್ಮೆ ನೋಡಬೇಕು, ವಿಡಿಯೊಗಳನ್ನು ಬ್ಯಾಕಪ್‌ನಿಂದ ಹೊರಗಿಟ್ಟರೆ ಜಾಗ ಉಳಿಯುತ್ತದೆ. ಬ್ಯಾಕಪ್‌ಗೆ ಪಾಸ್‌ವರ್ಡ್ ಹಾಕಿದವರು ಅದನ್ನು ಕಾಗದದ ಮೇಲೆ ಬರೆದು ಭದ್ರವಾಗಿಡಲಿ. ಮರೆತರೆ ವಾಟ್ಸ್‌ಆ್ಯಪ್ ಕಂಪನಿಯೂ ಅದನ್ನು ತೆಗೆದುಕೊಡಲಾರದು. ಆಂಡ್ರಾಯ್ಡ್‌ನಿಂದ ಐಫೋನ್‌ಗೆ ಹೋಗುವವರು ಇನ್ನೊಂದು ಮಾತು ನೆನಪಿಡಬೇಕು: ಗೂಗಲ್‌ನಲ್ಲಿರುವ ಬ್ಯಾಕಪ್ಪನ್ನು ಐಫೋನ್ ಓದುವುದಿಲ್ಲ. ಹಳೆಯ ಫೋನ್ ಇನ್ನೂ ಕೈಯಲ್ಲಿರುವಾಗಲೇ ಒಂದರಿಂದ ಇನ್ನೊಂದಕ್ಕೆ ನೇರವಾಗಿ ಸಾಗಿಸಬೇಕು.

ಇನ್ನು ಪ್ರಚಾರ. ಒಂದೇ ಸಂದೇಶವನ್ನು ಹಲವರಿಗೆ ಬೇರೆಬೇರೆಯಾಗಿ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಮಂದಿಯನ್ನು ಸೇರಿಸಬಹುದು, ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ‘ಎಲ್ಲರಿಗೂ ಕಳಿಸಿದೆ, ಒಬ್ಬರೂ ಉತ್ತರಿಸಲಿಲ್ಲ’ ಎನ್ನುವವರ ಸಮಸ್ಯೆ ಬಹುಮಟ್ಟಿಗೆ ಇದೇ. ಮೊದಲ ಆರ್ಡರಿನಲ್ಲೇ ನಂಬರು ಸೇವ್ ಮಾಡಿಕೊಳ್ಳುವಂತೆ ಕೇಳಿಕೊಳ್ಳಬೇಕು. ಇದರ ಬದಲು ಗಿರಾಕಿಗಳನ್ನೆಲ್ಲ ಒಂದು ಗ್ರೂಪಿಗೆ ತುಂಬುವುದು ನಮ್ಮ ದೃಷ್ಟಿಯಲ್ಲಿ ಅನ್ಯಾಯ. ಒಬ್ಬರ ನಂಬರು ಅಪರಿಚಿತರಿಗೆಲ್ಲ ಕಾಣುತ್ತದೆ. ಹೆಣ್ಣುಮಕ್ಕಳಿಗೆ ಇದರಿಂದ ಆಗುವ ಕಿರುಕುಳ ಸಣ್ಣದಲ್ಲ. ಬೇಸತ್ತವರು ರಿಪೋರ್ಟ್ ಮಾಡುತ್ತಾ ಹೋದರೆ ಖಾತೆಯೇ ನಿಷೇಧವಾಗಬಹುದು.

ಹೊತ್ತುಗೊತ್ತಿಲ್ಲದೆ ಬರುವ ಸಂದೇಶಗಳು ಮನೆಯ ನೆಮ್ಮದಿಯನ್ನೂ ಕೆಡಿಸಿವೆ. ಬಿಸಿನೆಸ್ ಆ್ಯಪ್‌ನಲ್ಲಿ ತಾನಾಗಿ ಹೋಗುವ ಉತ್ತರವಾದ ‘ಅವೇ ಮೆಸೇಜ್’ ಅನ್ನು ಕೆಲಸದ ವೇಳೆಯ ಹೊರಗೆ ಮಾತ್ರ ಹೋಗುವಂತೆ ಹೊಂದಿಸಿ, ಯಾವಾಗ ಉತ್ತರ ಸಿಗುತ್ತದೆ ಎಂದು ಅದರಲ್ಲಿ ಬರೆದರೆ ಗಿರಾಕಿ ಕಾಯುತ್ತಾನೆ. ಹಣ ಪಾವತಿಯ ಸ್ಕ್ರೀನ್‌ಶಾಟ್ ನೋಡಿ ಸರಕು ಕೊಡಬೇಡಿ. ಅಂಥ ಚಿತ್ರ ತಯಾರಿಸುವುದು ಬಲು ಸುಲಭ, ನೋಡಬೇಕಾದ್ದು ನಿಮ್ಮ ಬ್ಯಾಂಕ್ ಖಾತೆಗೆ ಹಣ ಬಂದಿದೆಯೇ ಎಂಬುದನ್ನು.

2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಮೂರೂ ಜಗತ್ತಿನಾದ್ಯಂತ ಸುಮಾರು 6 ಗಂಟೆ ನಿಂತುಹೋಗಿದ್ದವು. ಮೂರನ್ನೂ ನಡೆಸುವ ಕಂಪನಿಯ ಒಳಜಾಲದ ನಿರ್ವಹಣೆಯಲ್ಲಿ ಆದ ಒಂದು ತಪ್ಪು ಅದಕ್ಕೆ ಕಾರಣ. ಆ ದಿನ ಆರ್ಡರುಗಳನ್ನು ಪುಸ್ತಕದಲ್ಲಿ ಬರೆದಿಟ್ಟವರು ಕೆಲಸ ಮುಂದುವರಿಸಬಹುದಿತ್ತು, ಚಾಟ್‌ನಲ್ಲೇ ಬಿಟ್ಟವರಿಗೆ ಫೋನಿನಲ್ಲಿದ್ದ ಹಳೆಯ ಸಂದೇಶ ಕಾಣುತ್ತಿದ್ದರೂ ಹೊಸದು ಬರುತ್ತಿರಲಿಲ್ಲ, ಕಳಿಸಲೂ ಆಗುತ್ತಿರಲಿಲ್ಲ. ಆದ್ದರಿಂದ ದಿನಾಂಕ, ಹೆಸರು, ನಂಬರು, ಸರಕು, ಮುಂಗಡ ಇಷ್ಟನ್ನು ಪ್ರತಿ ಸಂಜೆ ಬೇರೆ ಕಡೆ ಬರೆದಿಡಬೇಕು. ತಿಂಗಳಿಗೊಮ್ಮೆ ಕಾಂಟ್ಯಾಕ್ಟ್ಸ್‌ ಆ್ಯಪ್‌ನ ‘ಎಕ್ಸ್‌ಪೋರ್ಟ್’ ಒತ್ತಿ, ಆ ಕಡತವನ್ನು ಇನ್ನೊಂದು ಸಾಧನಕ್ಕೆ ನಕಲಿಸಬೇಕು.

ಕಂಪನಿಗಳಿಗೆ ನಮ್ಮದೊಂದು ಒತ್ತಾಯವಿದೆ. ಬಿಸಿನೆಸ್ ಖಾತೆ ತೆರೆಯುವಾಗಲೇ ಪಿನ್ ಮತ್ತು ಇ-ಮೇಲ್ ಕಡ್ಡಾಯವಾಗಲಿ, ಮೆನುವಿನ ಆಳದಲ್ಲಿ ಅವನ್ನು ಹುಡುಕುವಂತಾಗಬಾರದು. ಖಾತೆ ಕಳೆದುಕೊಂಡವರ ದೂರಿಗೆ ಸಿದ್ಧ ಉತ್ತರ ಕಳಿಸುವುದನ್ನು ಬಿಟ್ಟು, ಅವರ ಭಾಷೆಯಲ್ಲಿ ಮಾತಾಡುವ ಸಿಬ್ಬಂದಿಯನ್ನು ನೇಮಿಸಲಿ.

ಇಂತಿ,
ಮೊಬೈಲ್ ಸೇವಾ ತಂತ್ರಜ್ಞರು