ಜೈಲಿನ ಬದಲು ಚಿಕಿತ್ಸೆ ಸಿಗಲಿ

ಮಾನ್ಯರೇ,

ಡ್ರಗ್ಸ್ ಚಟಕ್ಕೆ ಬಿದ್ದವರನ್ನು ಜೈಲಿನ ಬದಲು ಚಿಕಿತ್ಸೆಗೆ ಕಳಿಸುವ ಅಧಿಕಾರ ನಮ್ಮ ನ್ಯಾಯಾಲಯಗಳಿಗೆ ಇದೆ, ಆದರೆ ಅದು ಬಳಕೆಯಾಗುವುದು ತೀರಾ ಅಪರೂಪ. ಮಾದಕ ವಸ್ತುಗಳ ನಿಯಂತ್ರಣಕ್ಕಿರುವ 1985ರ ಎನ್‌ಡಿಪಿಎಸ್ ಕಾಯ್ದೆಯ 39ನೇ ಸೆಕ್ಷನ್ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಡ್ರಗ್ಸ್ ಸೇವಿಸಿ ದೋಷಿ ಎನಿಸಿಕೊಂಡ ವ್ಯಸನಿಯ ಒಪ್ಪಿಗೆ ಪಡೆದು, ಬಾಂಡ್ ಬರೆಸಿಕೊಂಡು, ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಇರುವ ಕೇಂದ್ರಕ್ಕೆ ಕಳಿಸಬಹುದು. ಒಂದು ವರ್ಷದೊಳಗೆ ಆತ ಚಿಕಿತ್ಸೆಯ ವರದಿ ಹಿಡಿದು ಕೋರ್ಟಿಗೆ ಬರಬೇಕು.

ಸುಮ್ನೆ ಜೈಲಿಗೆ ಹಾಕಿದರೆ ಚಟ ಬಿಡುವುದಿಲ್ಲ. ಹೆರಾಯಿನ್ ಥಟ್ಟನೆ ನಿಂತರೆ ವಾಂತಿ, ಭೇದಿ, ಮೈಕೈ ನೋವು, ನಿದ್ದೆ ಇಲ್ಲದ ರಾತ್ರಿಗಳು. ಅದಕ್ಕೆ ವೈದ್ಯರು ಬೇಕು, ಔಷಧಿ ಬೇಕು. ಇನ್ನೂ ದೊಡ್ಡ ಅಪಾಯ ಬಿಡುಗಡೆಯ ನಂತರ ಇದೆ. ಅಷ್ಟರಲ್ಲಿ ಡ್ರಗ್ಸ್ ತಾಳಿಕೊಳ್ಳುವ ದೇಹದ ಶಕ್ತಿ ಕುಗ್ಗಿರುತ್ತದೆ. ಹೊರಗೆ ಬಂದವನು ಹಳೆಯ ಅಳತೆಯಲ್ಲೇ ತೆಗೆದುಕೊಂಡರೆ ಜೀವವೇ ಹೋಗಬಹುದು. ಮಾರುವವನಿಗೂ ಚಟಕ್ಕೆ ಸಿಕ್ಕವನಿಗೂ ವ್ಯತ್ಯಾಸ ಇದೆ ಅಲ್ವಾ?

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗ ಇದೆ. ಆದರೆ ರಾಯಚೂರು, ಬೀದರ್‌ನ ಬಡ ಕುಟುಂಬ ಅಲ್ಲಿಯವರೆಗೆ ಮತ್ತೆ ಮತ್ತೆ ಓಡಾಡುವುದು ಕಷ್ಟ. ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲೂ ಇದಕ್ಕಾಗಿ ಕೆಲವು ಹಾಸಿಗೆ ಮೀಸಲಿಡಬೇಕು. ಮಾನ್ಯತೆ ಇರುವ ಕೇಂದ್ರಗಳ ಪಟ್ಟಿ ಪ್ರತಿ ನ್ಯಾಯಾಲಯದಲ್ಲೂ ಇರಲಿ. ಆರೋಪಿಯನ್ನು ಮೊದಲ ಬಾರಿ ಹಾಜರುಪಡಿಸಿದ ದಿನವೇ ಈ ಅವಕಾಶದ ಬಗ್ಗೆ ಆತನಿಗೂ ಮನೆಯವರಿಗೂ ತಿಳಿಸುವ ಹೊಣೆಯನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರಿಗೆ ವಹಿಸಬೇಕು.